ತೋಟದ ರಸ್ತೆಗೆ ಇಟಲಿಯ ಗೂಳಿ: ಒಂದು ಸೂಪರ್‌ಕಾರಿನ ಲೆಕ್ಕಾಚಾರ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಗೆದ್ದವರ ಗುರುತು ಬಹಳ ಸಲ ಬದಲಾಗಿದೆ. ಅಜ್ಜಂಪುರದ ಕಡೆಯ ಅಮೃತಮಹಲ್ ಹೋರಿಗಳ ಒಂದು ಜೊತೆ ಕಟ್ಟಿದವನ ಮನೆ ಮುಂದೆ ಜನ ನಿಂತು ನೋಡುತ್ತಿದ್ದ ಕಾಲವಿತ್ತು. ಆಮೇಲೆ ಕಾಫಿ ಕಣದ ಪಕ್ಕ ವಿಲ್ಲೀಸ್ ಜೀಪು ಬಂತು. ಈಗ ಫಾರ್ಚೂನರ್ರೋ ಥಾರೋ ಇಲ್ಲದ ದೊಡ್ಡ ತೋಟ ಹುಡುಕಬೇಕು. ಹುಡುಗರ ಮೊಬೈಲಿನ ವಾಲ್‌ಪೇಪರಿನಲ್ಲಿ ಮಾತ್ರ ಬೇರೆ ಗೂಳಿ ಕೂತಿದೆ, ಲ್ಯಾಂಬೋರ್ಗಿನಿಯದು. ಅದರ ಪಕ್ಕದಲ್ಲಿ ಫೆರಾರಿಯ ಕುದುರೆ.

ಬಯಸುವುದಕ್ಕೆ ಖರ್ಚಿಲ್ಲ. ಆ ಕಾರಿಗೆ ಕೆಎ-18 ನಂಬರ್ ಹಾಕಿಸಿ, ಮೂಡಿಗೆರೆ ರಸ್ತೆಯ ಹಂಪುಗಳನ್ನು ದಾಟಿಸಿ, ಚಾರ್ಮಾಡಿ ಇಳಿಸಿ, ಆಶ್ಲೇಷ ಮಳೆಯಲ್ಲಿ ಬೂಸ್ಟು ಹಿಡಿಯದಂತೆ ಕಾಯುವುದಕ್ಕೆ ಏನೇನು ಬೇಕು ಅನ್ನುವುದನ್ನು ಮಿಲಿಮೀಟರು, ಡಿಗ್ರಿ, ರೂಪಾಯಿಗಳಲ್ಲಿ ಬಿಡಿಸಿ ನೋಡೋಣ.

ಟ್ರ್ಯಾಕ್ಟರಿನಿಂದ ಹುಟ್ಟಿದ್ದು

ಫೆರುಚಿಯೋ ಲ್ಯಾಂಬೋರ್ಗಿನಿ 1916ರಲ್ಲಿ ಉತ್ತರ ಇಟಲಿಯ ರೆನಾಝೋ ಎಂಬಲ್ಲಿ ರೈತರ ಮನೆಯಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ವಾಹನಗಳ ಎಂಜಿನ್ನು, ಬಿಡಿಭಾಗಗಳನ್ನು ಜೋಡಿಸಿ ಟ್ರ್ಯಾಕ್ಟರ್ ಕಟ್ಟಿದರು. ಅದರಲ್ಲಿ ಅವರ ಸ್ವಂತ ಬುದ್ಧಿ ಇದ್ದದ್ದು ಇಂಧನದ ಜಾಗದಲ್ಲಿ. ದುಬಾರಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಅಗ್ಗದ ಎಣ್ಣೆಗೆ ತಿರುಗಿಸುವ ಏರ್ಪಾಡು ಅದು. ಪೆಟ್ರೋಲ್ ಹನಿಸಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಪಂಪ್‌ಸೆಟ್ ಇಟ್ಟುಕೊಂಡು ಕಾಫಿಗೆ ನೀರು ಹಾಯಿಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ರ್ಯಾಕ್ಟರ್ ಕಂಪನಿ ಶುರುವಾದದ್ದು 1948ರಲ್ಲಿ, ಕಾರಿನ ಕಂಪನಿ 1963ರಲ್ಲಿ ಸಂತಾಗತ ಬೊಲೊನ್ಯೇಸೆ ಎಂಬ ಊರಲ್ಲಿ. ತಮ್ಮ ಫೆರಾರಿಯ ಕ್ಲಚ್ ಪದೇಪದೇ ಕೈಕೊಟ್ಟಾಗ ಎನ್ಝೋ ಫೆರಾರಿ ತಮ್ಮ ಮಾತಿಗೆ ಬೆಲೆ ಕೊಡಲಿಲ್ಲ, ಅದಕ್ಕೇ ಕಾರು ಮಾಡಿದೆ ಎಂದು ಫೆರುಚಿಯೋ ಹೇಳಿಕೊಳ್ಳುತ್ತಿದ್ದರು. 1966ರ ಮಿಯೂರಾದಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಡ್ಡ ಮಲಗಿಸಿದರು. ಸೂಪರ್‌ಕಾರು ಎಂದರೆ ಇವತ್ತು ಕಣ್ಣಿಗೆ ಬರುವ ತಗ್ಗಾದ, ಅಗಲವಾದ, ಎಂಜಿನ್ ಹಿಂದಿರುವ ಆಕಾರ ಅಲ್ಲಿಂದ ಬಂತು. 1974ರಲ್ಲಿ ಕೌಂಟಾಶ್ ಮಾರಾಟಕ್ಕೆ ಬಂದಾಗ ಬಾಗಿಲು ಮೇಲಕ್ಕೆ ಎದ್ದು ನಿಂತಿತು. ಅದೇ ಹೊತ್ತಿಗೆ ಫೆರುಚಿಯೋ ತಮ್ಮ ಉಳಿದ ಪಾಲನ್ನೂ ಮಾರಿ ಅಂಬ್ರಿಯಾ ಪ್ರಾಂತ್ಯಕ್ಕೆ ಹೋಗಿ ದ್ರಾಕ್ಷಿ ತೋಟ ಮಾಡಿದರು. ತೋಟದಿಂದ ಲ್ಯಾಂಬೋರ್ಗಿನಿಗೆ ಹೋಗಬೇಕೆನ್ನುವವರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಕಂಪನಿ ಈಗ 1998ರಿಂದ ಜರ್ಮನಿಯ ಔಡಿ ಕೈಯಲ್ಲಿದೆ. ಟ್ರ್ಯಾಕ್ಟರಿನ ಭಾಗ ಅದಕ್ಕೂ ಮೊದಲೇ ಬೇರೆಯವರಿಗೆ ಹೋಯಿತು. ಅದೇ ಹೆಸರಿನ ಟ್ರ್ಯಾಕ್ಟರ್ ಇವತ್ತಿಗೂ ತಯಾರಾಗುತ್ತದೆ.

ಅಪರೂಪವನ್ನೂ ತಯಾರಿಸುತ್ತಾರೆ

ಲ್ಯಾಂಬೋರ್ಗಿನಿ 2024ರಲ್ಲಿ ಪ್ರಪಂಚಕ್ಕೆಲ್ಲ ಸೇರಿ ಹತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು ವಾಹನ ಮಾರಿತು. ಫೆರಾರಿ ಹದಿಮೂರು ಸಾವಿರ ಚಿಲ್ಲರೆ. ಇವು ಕಡಿಮೆ, ಆದರೆ ಅಪರೂಪ ಅಲ್ಲ. ಅಪರೂಪದ ಕಾರು ಅನ್ನುವುದು ಇದರೊಳಗಿನ ಇನ್ನೊಂದು ಪಂಗಡ: ಫೆರಾರಿ ಎಫ್50 ಒಟ್ಟು 349, ಎನ್ಝೋ 400, ಲಾಫೆರಾರಿ ಕೂಪೆ, ಅಂದರೆ ಮಾಡು ಮುಚ್ಚಿದ ಮಾದರಿ, 500 (ಕೊನೆಯದನ್ನು ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ ಹರಾಜು ಹಾಕಿದರು), ಪಗಾನಿ ವಾಯ್ರಾ ಕೂಪೆ 100. ಲ್ಯಾಂಬೋರ್ಗಿನಿ ವೆನೆನೋ ಕೂಪೆಯನ್ನು ಗಿರಾಕಿಗಳಿಗೆ ಕೊಟ್ಟದ್ದು ಮೂರೇ ಮೂರು.

ಇಂಥ ಸಂಖ್ಯೆಗಳನ್ನು ಸಾಮಾನ್ಯವಾಗಿ ಕಾರು ಹೊರಬರುವ ಮೊದಲೇ ಗೊತ್ತುಮಾಡಿರುತ್ತಾರೆ. ದುಡ್ಡು ತಂದವರಿಗೆಲ್ಲ ಕೊಡುವುದಿಲ್ಲ. ಲಾಫೆರಾರಿಯಂಥದನ್ನು ಮೊದಲೇ ಹಲವು ಫೆರಾರಿ ಕೊಂಡ ಹಳೆಯ ಗಿರಾಕಿಗಳನ್ನು ಕಂಪನಿಯೇ ಆರಿಸಿ ಕರೆದು ಕೊಟ್ಟಿತು. ಹಾಗಾಗಿ ಈ ಕಾರು ತೋರಿಸುವುದು ಬ್ಯಾಂಕ್ ಬ್ಯಾಲೆನ್ಸ್ ಒಂದನ್ನೇ ಅಲ್ಲ, ಸರದಿಯಲ್ಲಿ ಎಷ್ಟು ವರ್ಷ ನಿಂತೆ ಅನ್ನುವುದನ್ನೂ ತೋರಿಸುತ್ತದೆ.

ಕಡಿಮೆ ಸಂಖ್ಯೆಯಲ್ಲಿ ಮಾಡುವುದಕ್ಕೆ ಕೈಕೆಲಸವೂ ಕಾರಣ. ಕಾರಿನ ಮೈ ಮಾಡುವ ಕಾರ್ಬನ್ ಫೈಬರ್ ಬಟ್ಟೆ ಅಂಟು ತುಂಬಿಕೊಂಡೇ ಕಾರ್ಖಾನೆಗೆ ಬರುತ್ತದೆ. ಅದನ್ನು ಸೊನ್ನೆಗಿಂತ ಕೆಳಗಿನ ಫ್ರೀಜರಿನಲ್ಲಿ ಇಡಬೇಕು, ಇಲ್ಲದಿದ್ದರೆ ಅಂಟು ತಾನೇ ಗಟ್ಟಿಯಾಗುತ್ತಾ ಹೋಗುತ್ತದೆ. ತುಂಡು ಕತ್ತರಿಸಿ, ಎಳೆ ಯಾವ ದಿಕ್ಕಿಗೆ ಹೋಗಬೇಕೋ ನೋಡಿ, ಅಚ್ಚಿನ ಮೇಲೆ ಪದರ ಪದರವಾಗಿ ಕೈಯಲ್ಲೇ ಹಾಸಿ, ಗಾಳಿ ಎಳೆದು, ಆಟೋಕ್ಲೇವ್ ಎಂಬ ದೈತ್ಯ ಪ್ರೆಶರ್ ಕುಕ್ಕರಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ನಡುವೆ ಒಂದು ಗಾಳಿಗುಳ್ಳೆ ಉಳಿದರೆ ಆ ಭಾಗ ಕಸಕ್ಕೆ. ಅರ್ಜೆಂಟೀನಾದ ಕಾಸಿಲ್ದಾ ಊರಿನ ಬೇಕರಿಯವನ ಮಗ ಒರಾಸಿಯೋ ಪಗಾನಿ ಲ್ಯಾಂಬೋರ್ಗಿನಿಯಲ್ಲಿ ಕೆಲಸಕ್ಕಿದ್ದಾಗ ಕಂಪನಿ ಆಟೋಕ್ಲೇವ್ ಕೊಳ್ಳಲು ಒಪ್ಪಲಿಲ್ಲ. ಸಾಲ ಮಾಡಿ ತಾನೇ ಒಂದನ್ನು ಕೊಂಡ. ಅದೇ ದಾರಿ 1999ರಲ್ಲಿ ಝೋಂಡಾ ಎಂಬ ಕಾರಿಗೆ ತಲುಪಿತು. ಮಹತ್ವಾಕಾಂಕ್ಷೆಯ ಉದಾಹರಣೆ ಬೇಕಿದ್ದರೆ ಕಾರು ಕೊಂಡವನಿಗಿಂತ ಆಟೋಕ್ಲೇವ್ ಕೊಂಡವನೇ ಮೇಲು ಅನ್ನಿಸುತ್ತದೆ.

ಇಲ್ಲಿಯವರಿಗೆ ತಣ್ಣೀರೆರಚುವ ಒಂದು ಸಂಗತಿ: ಎನ್ಝೋ, ಲಾಫೆರಾರಿಗಳನ್ನು ಎಡಗಡೆ ಸ್ಟೀರಿಂಗಿನಲ್ಲಿ ಮಾತ್ರ ಮಾಡಿದರು. ಹೊಸ ಕಾರನ್ನು ಭಾರತಕ್ಕೆ ಆಮದು ಮಾಡಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ಇರಬೇಕು, ಹೆಡ್‌ಲೈಟು ಎಡಬದಿಯ ಸಂಚಾರಕ್ಕೆ ಹೊಂದಬೇಕು. ವಿದೇಶಿ ನಂಬರಿನ ಎಡಗೈ ಕಾರು ಕೆಲವೊಮ್ಮೆ ಇಲ್ಲಿ ಕಾಣುವುದು ಕಾರ್ನೆ ಎಂಬ ತಾತ್ಕಾಲಿಕ ಕಾಗದದ ಮೇಲೆ ಬಂದದ್ದು. ಅವಧಿ ಮುಗಿದ ಮೇಲೆ ಅದು ದೇಶ ಬಿಡಬೇಕು. ಆದ್ದರಿಂದ ಮುಂದಿನ ಲೆಕ್ಕವನ್ನು ಬಲಗೈ ಸ್ಟೀರಿಂಗಿನಲ್ಲಿ ಸಿಗುವ ಲ್ಯಾಂಬೋರ್ಗಿನಿ ಹುರಕಾನ್ ಎಲ್‌ಪಿ610-4 ಇಟ್ಟುಕೊಂಡು ಮಾಡೋಣ. 2014ರಿಂದ ಬಂದ ಈ ಮಾಲಿಕೆಯ ತಯಾರಿಕೆ ನಿಂತಿದೆ, ಸೆಕೆಂಡ್ ಹ್ಯಾಂಡಿನಲ್ಲಿ ಓಡಾಡುತ್ತಿದೆ.

ಎರಡು ಕೋಟಿ ಏಳು ಕೋಟಿ ಆಗುವುದು

ಬಂದರಿಗೆ ಬಂದು ಬಿದ್ದಾಗ, ಹಡಗಿನ ಬಾಡಿಗೆ ವಿಮೆ ಸೇರಿ, ಒಂದು ಕಾರಿನ ಬೆಲೆ 2 ಕೋಟಿ ಎಂದಿಟ್ಟುಕೊಳ್ಳಿ. 2025ರ ಬಜೆಟ್ಟಿನ ಪ್ರಕಾರ ಈ ಬಗೆಯ ದುಬಾರಿ ಕಾರಿಗೆ ಮೂಲ ಸುಂಕ ಶೇ 70, ಕೃಷಿ ಮೂಲಸೌಕರ್ಯ ಸೆಸ್ ಶೇ 40, ಒಟ್ಟು 110. ಅಂದರೆ 2.2 ಕೋಟಿ. (ಸೂಪರ್‌ಕಾರಿನಿಂದ ಕೃಷಿಗೆ ಸೆಸ್! ಫೆರುಚಿಯೋ ಕೇಳಿದ್ದರೆ ನಗುತ್ತಿದ್ದರು.) 4.2 ಕೋಟಿಯಾದ ಈ ಮೊತ್ತದ ಮೇಲೆ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಶೇ 40. ಅದು 1.68 ಕೋಟಿ, ಒಟ್ಟು 5.88 ಕೋಟಿ. ಡೀಲರಿನ ಲಾಭ ಇದರಲ್ಲಿಲ್ಲ.

ಆಮೇಲೆ ಆರ್‌ಟಿಒ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಆ ತೆರಿಗೆಯ ಮೇಲೆ ಸೆಸ್ ಶೇ 11. ಎರಡೂ ಸೇರಿದರೆ ಹತ್ತಿರ ಹತ್ತಿರ ಶೇ 20, ಅಂದರೆ 1.17 ಕೋಟಿ. ಅಲ್ಲಿಗೆ 7 ಕೋಟಿ ಮುಟ್ಟಿತು. ಮಾರುವವರೇ ಮೂಲದಲ್ಲಿ ಸಂಗ್ರಹಿಸುವ ಶೇ 1 ಆದಾಯ ತೆರಿಗೆ (ಟಿಸಿಎಸ್) ರಿಟರ್ನ್ಸ್ ಹಾಕುವಾಗ ಹೊಂದಿಕೆಯಾಗುತ್ತದೆ, ವಿಮೆ ಪ್ರತ್ಯೇಕ. ಸುಂಕದ ದರ ಬಜೆಟ್ಟಿಗೊಮ್ಮೆ, ಒಪ್ಪಂದಕ್ಕೊಮ್ಮೆ ಬದಲಾಗುವಂಥದ್ದು. ಸರಕು ಬಿಡಿಸಿಕೊಳ್ಳುವ ದಿನದ ದರವೇ ಲೆಕ್ಕಕ್ಕೆ ಬರುವುದು.

ಲೈಫ್ ಟ್ಯಾಕ್ಸ್ ಕಡಿಮೆಯಿರುವ ರಾಜ್ಯದಲ್ಲಿ ನಂಬರ್ ಮಾಡಿಸಿ ಇಲ್ಲಿ ಓಡಿಸುವ ಉಪಾಯ ಹಳೆಯದು. ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅಲ್ಲಿ ಮರುನೋಂದಣಿ ಆಗಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. 2025ರಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಆರ್‌ಟಿಒ 1.4 ಕೋಟಿಗೂ ಮೇಲ್ಪಟ್ಟು ಕಟ್ಟಿಸಿಕೊಂಡಿತು. ಹಾಸನದ ಕೆಎ-13 ಆಗಲಿ, ಸಕಲೇಶಪುರದ ಕೆಎ-46 ಆಗಲಿ, ದರ ರಾಜ್ಯಕ್ಕೆಲ್ಲ ಒಂದೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಓಡಿದ ಕಿಲೋಮೀಟರ್ ನೋಡಿ ಮರುಳಾಗಬಾರದು. ಕಂಪನಿಯ ಡಯಾಗ್ನೊಸ್ಟಿಕ್ ಯಂತ್ರ ಹಾಕಿಸಿ ಗೇರ್‌ಬಾಕ್ಸಿನಲ್ಲಿ ದಾಖಲಾದ ತಪ್ಪುಗಳು ಮತ್ತು ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕ ತೆಗೆಸಬೇಕು. ಲಿಫ್ಟ್ ಮೇಲೆ ಎತ್ತಿಸಿ ತಳದ ಹಲಗೆ ಬಿಚ್ಚಿಸಿ ನೋಡಬೇಕು. ಯಾಕೆ ಅನ್ನುವುದು ಈಗ ತಿಳಿಯುತ್ತದೆ.

ಹಂಪಿನ ರೇಖಾಗಣಿತ

ಹುರಕಾನಿನ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2,620 ಮಿ.ಮೀ. ನೆಲಕ್ಕೂ ಹೊಟ್ಟೆಗೂ ನಡುವೆ ಸುಮಾರು 125 ಮಿ.ಮೀ. ಕಾಫಿ ತೋಟಗಳ ನಿತ್ಯದ ಬಂಡಿಯಾದ ಬೊಲೆರೋಗೆ ಈ ಅಂತರ 180.

ರಸ್ತೆಯ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ನಿಗದಿ ಮಾಡಿದ ಹಂಪ್ ಒಂದು ದೊಡ್ಡ ವೃತ್ತದ ತುಣುಕು. ತ್ರಿಜ್ಯ 17 ಮೀಟರ್, ರಸ್ತೆಯ ಉದ್ದಕ್ಕೆ ಅಗಲ 3.7 ಮೀಟರ್, ನಡುಮಧ್ಯದ ಎತ್ತರ 10 ಸೆಂ.ಮೀ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಮಾಡಿದ್ದು. ಇದರ ನಡುವೆ ಹುರಕಾನ್ ನಿಂತರೆ ನಾಲ್ಕೂ ಗಾಲಿ ಹಂಪಿನ ಮೇಲೆಯೇ ಇರುತ್ತವೆ. ಗಾಲಿಗಳು ನಿಂತ ಜಾಗ ನೆತ್ತಿಗಿಂತ 5 ಸೆಂ.ಮೀ. ಮಾತ್ರ ಕೆಳಗಿರುತ್ತದೆ. ಹೊಟ್ಟೆಗೆ ಇನ್ನೂ ಏಳೂವರೆ ಸೆಂ.ಮೀ. ಜಾಗ ಉಳಿಯಿತು. ಮೂತಿಯ ಲೆಕ್ಕವೂ ಹೀಗೆಯೇ. ಮೂತಿಯ ಕೆಳತುಟಿ ನೆಲದಿಂದ 12 ಸೆಂ.ಮೀ. ಎತ್ತರದಲ್ಲಿದ್ದು ಗಾಲಿಗಿಂತ ಒಂದು ಮೀಟರ್ ಮುಂದೆ ಚಾಚಿದೆ ಎಂದರೆ, ಅದು ತಾಳುವ ಏರು ಸುಮಾರು 7 ಡಿಗ್ರಿ. ನಿಯಮದ ಹಂಪ್ ಶುರುವಾಗುವ ಏರು 6 ಡಿಗ್ರಿಗೆ ಸ್ವಲ್ಪ ಹೆಚ್ಚು. ನಿಯಮ ಪಾಲಿಸಿದ ಹಂಪಿನಲ್ಲಿ ಏಳು ಕೋಟಿಯ ಕಾರು ಕೂದಲೆಳೆಯಲ್ಲಿ ಪಾರು.

ನಮ್ಮ ಊರುಗಳ ಮುಂದಿರುವ ಹಂಪುಗಳು ಆ ಪುಸ್ತಕ ಓದಿಲ್ಲ. ಯಾವುದೋ ಅಪಘಾತದ ಮಾರನೇ ದಿನ ಜಲ್ಲಿ ಸುರಿದು ಮಾಡಿದ, ಅಗಲ ಒಂದು ಮೀಟರ್, ಎತ್ತರ 15 ಸೆಂ.ಮೀ. ಇರುವ ಹಂಪನ್ನು ತೆಗೆದುಕೊಳ್ಳಿ. ನೇರ ದಾಟಿದರೆ ಮುಂದಿನ ಗಾಲಿ ಇಳಿದು ಹಿಂದಿನ ಗಾಲಿ ಇನ್ನೂ ಹತ್ತದ ಹೊತ್ತಿನಲ್ಲಿ, ನಾಲ್ಕೂ ಗಾಲಿ ಸಮನೆಲದಲ್ಲಿರುತ್ತವೆ. ಹೊಟ್ಟೆ ಇರುವುದು ಹನ್ನೆರಡೂವರೆಯಲ್ಲಿ, ಹಂಪ್ ಇರುವುದು ಹದಿನೈದರಲ್ಲಿ. ಎರಡೂವರೆ ಸೆಂಟಿಮೀಟರ್ ಎಲ್ಲಿಂದಲೋ ಬರಬೇಕು, ತಳದ ಹಲಗೆಯಿಂದ ಬರುತ್ತದೆ.

ಮೂತಿ ಎತ್ತುವ ಲಿಫ್ಟ್ ಗುಂಡಿ ಇದ್ದರೆ ಮುಂದಿನ ಭಾಗ ಸುಮಾರು 4 ಸೆಂ.ಮೀ. ಏಳುತ್ತದೆ. ಮೂತಿ ಬಚಾವು. ಹೊಟ್ಟೆಯ ನಡುಭಾಗಕ್ಕೆ ಸಿಗುವುದು ಅದರ ಅರ್ಧ ಮಾತ್ರ, ಯಾಕೆಂದರೆ ಹಿಂದಿನ ತುದಿ ಏಳುವುದಿಲ್ಲ. ಲಿಫ್ಟ್ ಇದೆ ಎಂಬ ಧೈರ್ಯದಲ್ಲಿ ನೇರ ನುಗ್ಗಿ ತಳ ಕೆರೆಸಿಕೊಳ್ಳುವವರು ಮರೆಯುವುದು ಇದನ್ನೇ.

ಓರೆಯಾಗಿ ದಾಟಿದರೆ ಲೆಕ್ಕವೇ ಬೇರೆ. ಕಾರನ್ನು ಹಂಪಿಗೆ 45 ಡಿಗ್ರಿ ತಿರುಗಿಸಿ ಹತ್ತಿಸಿ. ಹೊಟ್ಟೆಯ ನಡುಭಾಗ ನೆತ್ತಿಯ ಮೇಲೆ ಬಂದಾಗ, ಕರ್ಣದ ಎರಡು ತುದಿಯ ಗಾಲಿಗಳು (ಮುಂದಿನ ಒಂದು ಬದಿಯದು, ಹಿಂದಿನ ಇನ್ನೊಂದು ಬದಿಯದು) ನೆತ್ತಿಯಿಂದ 34 ಸೆಂ.ಮೀ. ದೂರದಲ್ಲಷ್ಟೇ ಇರುತ್ತವೆ. ಅಂದರೆ ಒಂದು ಮೀಟರ್ ಅಗಲದ ಹಂಪಿನ ಮೇಲೆಯೇ. ಹಂಪ್ ಗುಂಡಗಿದ್ದರೆ ಆ ಜಾಗದ ಎತ್ತರ 8 ಸೆಂ.ಮೀ. ಆಸುಪಾಸು. ಎರಡು ಗಾಲಿ ಎದ್ದು ಎರಡು ಕೆಳಗಿರುವುದರಿಂದ ಕಾರಿನ ನಡು ಸುಮಾರು 4 ಸೆಂ.ಮೀ. ಏಳುತ್ತದೆ. ಹನ್ನೆರಡೂವರೆ ಹದಿನಾರೂವರೆ ಆಯಿತು, ಹದಿನೈದರ ಹಂಪ್ ದಾಟಿತು. ಮೂತಿಗೆ ಎದುರಾಗುವ ಏರು ಕೂಡ ಓರೆಯಲ್ಲಿ ನೂರಕ್ಕೆ ಮೂವತ್ತು ಪಾಲು ಕಮ್ಮಿಯಾಗುತ್ತದೆ.

ಕ್ರಮ ಹೀಗೆ. ಹಂಪಿಗೆ ಹತ್ತು ಮೀಟರ್ ಮೊದಲೇ ಲಿಫ್ಟ್ ಗುಂಡಿ ಒತ್ತಿ, ಅದು ಏಳಲು ಕೆಲವು ಸೆಕೆಂಡ್ ಬೇಕು. ಎದುರಿನಿಂದ ಯಾರೂ ಇಲ್ಲವೆಂದು ನೋಡಿ, ಯಾಕೆಂದರೆ ಓರೆ ಹೋಗಲು ಪೂರ್ತಿ ರಸ್ತೆ ಬೇಕು. ಗಾಲಿ ಹಂಪ್ ಮುಟ್ಟುವ ಮೊದಲೇ ಬ್ರೇಕಿನಿಂದ ಕಾಲು ತೆಗೆಯಿರಿ. ಒತ್ತಿಕೊಂಡೇ ಇದ್ದರೆ ಮೂತಿ ಮತ್ತೆ ಬಾಗಿ, ಲಿಫ್ಟ್ ಕೊಟ್ಟದ್ದನ್ನು ಬ್ರೇಕ್ ಕಸಿದುಕೊಳ್ಳುತ್ತದೆ. ಇಳಿಯುವಾಗಲೂ ಅಷ್ಟೇ ನಿಧಾನ, ಹಿಂಬದಿಯ ಡಿಫ್ಯೂಸರ್ (ತಳದ ಗಾಳಿಯನ್ನು ಹೊರಗೆ ಹರಿಸುವ ಹಲಗೆ) ಉಜ್ಜುವುದು ಅಲ್ಲೇ. ವಿಪರೀತ ಚೂಪಾದ ಹಂಪಾದರೆ ಪಕ್ಕದವರು ಇಳಿದರೂ ಕೆಲವು ಮಿಲಿಮೀಟರ್ ಸಿಗುತ್ತದೆ. ಅಷ್ಟರ ಮಟ್ಟಿಗೆ ಇದು ಎತ್ತಿನಗಾಡಿಯ ಕಾಲದ ಸೌಜನ್ಯವೇ.

ಅಗಲದ ಕಥೆ ಇನ್ನೊಂದು. ಕನ್ನಡಿಗಳೂ ಸೇರಿ ಹುರಕಾನಿನ ಅಗಲ 2.2 ಮೀಟರಿಗೆ ಸ್ವಲ್ಪ ಹೆಚ್ಚು. ಒಂಟಿ ಪಥದ ಡಾಂಬರಿನ ಅಗಲ 3.75 ಮೀಟರ್. ಎದುರಿನಿಂದ ಎರಡೂವರೆ ಮೀಟರ್ ಅಗಲದ ಕೆಎಸ್‌ಆರ್‌ಟಿಸಿ ಬಸ್ಸು ಬಂದರೆ ಒಂದು ಮೀಟರಿನಷ್ಟು ಡಾಂಬರಿನ ಹೊರಗೆ ಇಳಿಯಬೇಕು. ಮಳೆಗೆ ಅಂಚಿನ ಮಣ್ಣು ಕೊಚ್ಚಿಹೋಗಿ ಹತ್ತು ಸೆಂ.ಮೀ. ತಗ್ಗಾದ ಕಡೆ ಒಂದು ಬದಿಯ ಗಾಲಿ ಇಳಿಸಿದರೆ ಹೊಟ್ಟೆಯ ತಳ ಡಾಂಬರಿನ ಅಂಚಿನ ಮೇಲೆ ಕೂರುವ ಭಯ. ಕೂತರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಸ್ಸು ಕಾಣುತ್ತಲೇ ಅಗಲ ಇರುವ ಕಡೆ ನಿಂತುಬಿಡುವುದು ಜಾಣತನ. ಹಿಂದಿನ ಗಾಜಿನಲ್ಲಿ ಎಂಜಿನ್ ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ, ಕ್ಯಾಮೆರಾ ನಂಬಿ ತಿರುವಿನಲ್ಲಿ ಹಿಂದೆ ಹೋಗುವುದು ಬೇಡ.

ಟೈರಿನ ವಿಷಯ ಬೇಗ ಮುಗಿಸೋಣ. ಮುಂದಿನದು 245/30 ಆರ್20, ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ರಬ್ಬರ್ 73 ಮಿ.ಮೀ. ಬೊಲೆರೋದ 215/75 ಆರ್15ರಲ್ಲಿ 161. ಗುಂಡಿಯ ಅಂಚಿಗೆ ಬಡಿದರೆ ರಬ್ಬರ್ ಚಪ್ಪಟೆಯಾಗಿ ರಿಮ್ಮೇ ಪೆಟ್ಟು ತಿನ್ನುತ್ತದೆ. ಟೈರಿನ ಬದಿಯಲ್ಲಿ ನಿಂಬೆಹಣ್ಣಿನಂತೆ ಉಬ್ಬು ಬಂದರೆ ಒಳಗಿನ ದಾರ ಹರಿದಿದೆ ಎಂದೇ ಅರ್ಥ, ಪಂಕ್ಚರ್ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ಸ್ಟೆಪ್ನಿ ಇರುವುದೇ ಇಲ್ಲ.

ಏರು, ಇಳಿತ, ಹೊಗೆ

ಹುರಕಾನಿನ 5.2 ಲೀಟರಿನ ಹತ್ತು ಸಿಲಿಂಡರ್ ಎಂಜಿನ್ನಿಗೆ ಟರ್ಬೊ ಇಲ್ಲ. ಸುತ್ತಲಿನ ಗಾಳಿ ಎಷ್ಟು ದಟ್ಟವೋ ಅಷ್ಟೇ ಉಸಿರು. 610 ಕುದುರೆಶಕ್ತಿ ಎಂಬುದು ಸಮುದ್ರಮಟ್ಟದ ಲೆಕ್ಕ. ಒಂದು ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಚಿಕ್ಕಮಗಳೂರು ಪೇಟೆಯಲ್ಲೇ ಹತ್ತರಲ್ಲೊಂದು ಪಾಲು ಹೋಗಿರುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರ 500ರ ಆಸುಪಾಸು ಉಳಿದೀತು. ಟರ್ಬೊ ಇರುವ ಫೆರಾರಿಗಳು ಗಾಳಿಯನ್ನು ತಾವೇ ಒತ್ತಿಕೊಳ್ಳುವುದರಿಂದ ಇಷ್ಟು ಸೋಲುವುದಿಲ್ಲ. ಕೈಮರದಿಂದ ಮೇಲಿನ ತಿರುವುಗಳಲ್ಲಿ 500 ಕುದುರೆಗೂ ಕೆಲಸವಿಲ್ಲ ಅನ್ನುವುದು ಬೇರೆ ಮಾತು.

ಏರಿನಲ್ಲಿ ಪೆಟ್ಟು ಬೀಳುವುದು ಕ್ಲಚ್ಚಿಗೆ. ಭತ್ತದ ಹುಲ್ಲು ತುಂಬಿದ ಟ್ರ್ಯಾಕ್ಟರ್ ಹಿಂದೆ ಆಮೆಯಂತೆ ತೆವಳುವಾಗ ಕ್ಲಚ್ ಪೂರ್ತಿ ಕೂಡಿರುವುದಿಲ್ಲ, ಜಾರುತ್ತಲೇ ಇರುತ್ತದೆ, ಜಾರಿದಷ್ಟೂ ಕಾಯುತ್ತದೆ. ಹುರಕಾನಿನ ಜೋಡಿ ಕ್ಲಚ್ಚು ತಾಳಿಕೊಳ್ಳುತ್ತದೆ. ಅದಕ್ಕೂ ಹಳೆಯ ಗಲ್ಲಾರ್ಡೋ, ಅದರಣ್ಣ ಅವೆಂಟಡೋರ್‌ಗಳ ಒಂಟಿ ಕ್ಲಚ್ಚಿಗೆ ಆ ಸೈರಣೆ ಇಲ್ಲ. ಅವುಗಳನ್ನು ಏರಿನಲ್ಲಿ ರಿವರ್ಸ್ ತೆಗೆಯುವುದಂತೂ ಕ್ಲಚ್ಚನ್ನು ಒಲೆಗೆ ಹಾಕಿದಂತೆ. ಮುಂದಿನ ಗಾಡಿಗೆ ಮೂವತ್ತು ಮೀಟರ್ ದೂರ ಬಿಟ್ಟು ಪೂರ್ತಿ ನಿಲ್ಲಿ, ಜಾಗ ಆದಮೇಲೆ ಒಂದೇ ಸಲ ಹೊರಡಿ. ಹಿಂದಿನವರು ಹಾರನ್ ಬಾರಿಸಿದರೆ ಬಾರಿಸಲಿ.

ಇಳಿತದಲ್ಲಿ ಬ್ರೇಕ್. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ 700 ಮೀಟರ್ ಇಳಿತ ಎಂದು ಹಿಡಿಯೋಣ. ಇಬ್ಬರು ಕೂತ 1,600 ಕೆ.ಜಿ. ಕಾರು ಅಷ್ಟು ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 11 ಮೆಗಾಜೂಲ್, ಅಂದರೆ ಹಂಡೆಯಲ್ಲಿ 35 ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟು ಬಿಸಿ. ಅದನ್ನೆಲ್ಲ ಬ್ರೇಕಿಗೇ ಹಾಕುವ ಬದಲು ಸ್ಟೀರಿಂಗಿನ ಎಡಬದಿಯ ಗೇರಿಳಿಸುವ ಪ್ಯಾಡಲ್ ಎಳೆದು ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ನಿಗೆ ಹಂಚಬೇಕು. ಕಾರ್ಬನ್ ಸೆರಾಮಿಕ್ ಡಿಸ್ಕ್ ಬಿಸಿಗೆ ಜಗ್ಗುವುದಿಲ್ಲ. ಅದರ ಹಿಂದಿರುವ ಬ್ರೇಕ್ ಎಣ್ಣೆ ಜಗ್ಗುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಿದ್ದಾಗ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿಕೊಂಡ ಎಣ್ಣೆಗೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಮಲೆನಾಡಿನ ಗಾಳಿಯಲ್ಲಿ ನೀರಿಗೇನು ಬರ. ಎಣ್ಣೆ ಕುದ್ದರೆ ಗುಳ್ಳೆ ಬಂದು ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಕಿಲೋಮೀಟರ್ ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಪೆಟ್ರೋಲ್ ಹಾಕಿಸುವಾಗ ಬಂಕಿನಲ್ಲಿ ಎರಡು ಪ್ರಶ್ನೆ ಕೇಳಬೇಕು, ಆಕ್ಟೇನ್ ಎಷ್ಟು, ಎಥನಾಲ್ ಎಷ್ಟು. ಕಾರು ಏನು ಕುಡಿಯಬಲ್ಲದು ಅನ್ನುವುದು ಟ್ಯಾಂಕಿನ ಮುಚ್ಚಳದ ಒಳಗೆ ಬರೆದಿರುತ್ತದೆ. ಯುರೋಪಿಗೆ ಮಾಡಿದ ಕಾರಿನಲ್ಲಿ ಇ10 (ಶೇ 10 ಎಥನಾಲ್) ಎಂದಿದ್ದರೆ ಇ20 (ಶೇ 20) ಹಾಕುವ ಮೊದಲು ಕಂಪನಿಯ ಸರ್ವಿಸಿನವರಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳುವುದು ಒಳ್ಳೆಯದು.

ನಾಲ್ಕು ತಿಂಗಳ ಮಳೆ

ಈ ಕಾರುಗಳು ಇಲ್ಲಿ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಆರಿದ್ರಾದಿಂದ ಆಶ್ಲೇಷದವರೆಗೆ ಶೆಡ್ಡಿನ ಗಾಳಿ ಹಿಂಡಿದರೆ ನೀರು ಬರುವ ಹಾಗಿರುತ್ತದೆ. ಸೀಟಿನ ಚರ್ಮ, ಸ್ಟೀರಿಂಗಿನ ಅಲ್ಕಾಂಟಾರ ಬಟ್ಟೆಗೆ ಎರಡು ವಾರದಲ್ಲಿ ಬಿಳಿ ಬೂಸ್ಟು ಕೂರುತ್ತದೆ. ಬಾಗಿಲು ಭದ್ರವಾಗಿರುವ ಕೋಣೆ, ಅದರೊಳಗೆ ತೇವ ಎಳೆಯುವ ಡಿಹ್ಯೂಮಿಡಿಫೈಯರ್, ಗೋಡೆಗೊಂದು ತೇವ ತೋರಿಸುವ ಮೀಟರ್ ಬೇಕು. ಶೇ 50ರ ಆಸುಪಾಸಿನಲ್ಲಿ ನಿಲ್ಲಿಸಿ. ತೀರಾ ಒಣಗಿಸಿದರೆ ಚರ್ಮ ಬಿರಿಯುತ್ತದೆ. ಕಾರಿನ ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವುದು ದೊಡ್ಡ ತಪ್ಪು, ಒಳಗಿನ ತೇವ ಹೊರಗೆ ಹೋಗದೆ ಬಣ್ಣದ ಮೇಲೇ ಬೆವರುತ್ತದೆ. ಉಸಿರಾಡುವ ಬಟ್ಟೆಯ ಹೊದಿಕೆ ಸಾಕು.

ಬ್ಯಾಟರಿ, ಕಾರು ಮಲಗಿದಾಗಲೂ ಅಲಾರಂ, ಕಂಪ್ಯೂಟರುಗಳಿಗೆ ಚೂರುಚೂರು ಕೊಡುತ್ತಲೇ ಇರುತ್ತದೆ. ಮೂರ್ನಾಲ್ಕು ವಾರ ಬಿಟ್ಟರೆ ಖಾಲಿ. ಮೇಂಟೇನರ್ ಚಾರ್ಜರ್ ಸದಾ ಸಿಕ್ಕಿಸಿರಬೇಕು, ಅದನ್ನು ಇನ್ವರ್ಟರ್ ಲೈನಿಗೆ ಕೊಡಬೇಕು, ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದ ಮಳೆಗಾಲ ನಮ್ಮದು. ಕೆಲವು ಮಾದರಿಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, ಅದಕ್ಕೆ ಮಾಮೂಲಿ ಚಾರ್ಜರ್ ಹಾಕಬಾರದು. ಹಲವು ಕಾರುಗಳಲ್ಲಿ ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದ್ದು, ಡಿಕ್ಕಿ ತೆರೆಯಲು ಬ್ಯಾಟರಿಯೇ ಬೇಕು! ಕೈಯಿಂದ ಎಳೆಯುವ ತುರ್ತು ತಂತಿ ಎಲ್ಲಿದೆ ಎಂದು ಬ್ಯಾಟರಿ ಸತ್ತಿಲ್ಲದಾಗಲೇ ನೋಡಿಟ್ಟುಕೊಳ್ಳಿ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಒಳ್ಳೆಯದು ಅಂದುಕೊಂಡವರು ಬಹಳ. ಅದರಿಂದ ಕೆಡುಕೇ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ, ತಣ್ಣನೆಯ ಎಂಜಿನ್ ಒಳಗೆ ಅದು ನೀರಾಗಿ ಎಣ್ಣೆಗೂ ಸೈಲೆನ್ಸರಿಗೂ ಸೇರುತ್ತದೆ. ಎಣ್ಣೆ 80–90 ಡಿಗ್ರಿ ಮುಟ್ಟಿ ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಮಾತ್ರ ಅದು ಆವಿಯಾಗಿ ಹೋಗುವುದು. ಮಳೆ ಹೊಳವಾದ ದಿನ ಅರ್ಧ ಗಂಟೆ ನಿಜವಾಗಿ ಓಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ. ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಟ್ಯಾಂಕ್ ಹೆಚ್ಚುಕಡಿಮೆ ತುಂಬಿಸಿ. ಖಾಲಿ ಜಾಗದ ತೇವವನ್ನು ಎಥನಾಲ್ ಹೀರಿ, ಮಿತಿ ಮೀರಿದರೆ ನೀರಿನ ಸಮೇತ ತಳಕ್ಕೆ ಇಳಿದು ಕೂರುತ್ತದೆ. ಪೆಟ್ರೋಲ್ ಪಂಪು ಹೀರುವುದು ಆ ತಳದಿಂದಲೇ. ಟೈರಿನ ಗಾಳಿ ಸ್ವಲ್ಪ ಹೆಚ್ಚಿಸಿಡಿ, ನಿಂತಲ್ಲೇ ಚಪ್ಪಟೆಯಾಗದಿರಲು. ಹೊರಡುವ ಮೊದಲು ಮತ್ತೆ ಇಳಿಸುವುದು ಮರೆಯಬಾರದು.

ತೋಟದ ಶೆಡ್ಡಿನ ನಿಜವಾದ ಶತ್ರು ಇಲಿ. ಎಂಜಿನ್ ಬೆಚ್ಚಗಿರುತ್ತದೆ, ವೈರಿನ ಹೊದಿಕೆ ಮೆದುವಾಗಿರುತ್ತದೆ. ಒಂದು ವೈರ್ ಕಡಿದರೆ ಡ್ಯಾಶ್‌ಬೋರ್ಡಿನಲ್ಲಿ ಹತ್ತು ದೀಪ ಹತ್ತುತ್ತವೆ, ಕಡಿದ ಜಾಗ ಹುಡುಕಲು ಎಂಜಿನ್ ಮೇಲಿನದನ್ನೆಲ್ಲ ಬಿಚ್ಚಬೇಕು. ಶೆಡ್ಡಿನ ಎಲ್ಲ ಸಂದಿಗೂ ಸಣ್ಣ ಕಣ್ಣಿನ ಜಾಲರಿ, ನೆಲದಲ್ಲಿ ಬೋನು. ವಿಷ ಇಡಬಾರದು, ತಿಂದ ಇಲಿ ಹೋಗಿ ಸಾಯುವುದು ಎಸಿಯ ಕೊಳವೆಯಲ್ಲೇ. ಭತ್ತ, ಮೆಣಸು, ಜೋಳದ ಚೀಲ ಅದೇ ಶೆಡ್ಡಿನಲ್ಲಿ ಇಟ್ಟು ಇಲಿಯನ್ನು ಬೈಯುವಂತಿಲ್ಲ.

ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದರೆ ಅದರ ಗರಿಯಂಥ ಎಲೆ ಬಾನೆಟ್ಟಿನ ಸಂದಿಯಲ್ಲಿ ಸೇರಿ ನೀರು ಹೋಗುವ ತೂತು ಮುಚ್ಚುತ್ತದೆ. ನೀರು ಕಾಲಿನ ಹತ್ತಿರದ ಕಾರ್ಪೆಟ್ಟಿಗೆ, ಅಲ್ಲಿಂದ ಅಡಿಯಲ್ಲಿರುವ ಕಂಪ್ಯೂಟರುಗಳಿಗೆ ಇಳಿಯುತ್ತದೆ. ಮುಂದಿನ ರೇಡಿಯೇಟರುಗಳ ಬಾಯಿಯಲ್ಲೂ ಅದೇ ಎಲೆ. ಕೆಂಪುಮಣ್ಣು ಮೆತ್ತಿದ್ದರೆ ಬಟ್ಟೆಯಲ್ಲಿ ಉಜ್ಜುವ ಮೊದಲು ಬರೀ ನೀರು ಹೊಡೆದು ಇಳಿಸಿ, ಆ ಮಣ್ಣು ಬಣ್ಣಕ್ಕೆ ಮರಳುಕಾಗದ ಇದ್ದ ಹಾಗೆ. ಆಸನ ನೆಲಕ್ಕೆ ಅಷ್ಟು ಹತ್ತಿರ ಇರುವುದರಿಂದ ಇಂಬಳಕ್ಕೂ ಹತ್ತಲು ಸಲೀಸು.

ಕೈಕೊಟ್ಟಾಗ

ಹತ್ತಿರದ ಕಂಪನಿ ಸರ್ವಿಸ್ ಬೆಂಗಳೂರಿನಲ್ಲಿ, ಚಿಕ್ಕಮಗಳೂರಿನಿಂದ ಸುಮಾರು 240 ಕಿ.ಮೀ. ಊರಿನ ಗ್ಯಾರೇಜಿನವರು ಎಷ್ಟೇ ನುರಿತವರಾದರೂ ಗೇರ್‌ಬಾಕ್ಸ್ ಬದಲಿಸಿದ ಮೇಲೆ ಅದನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್ ಅವರ ಬಳಿ ಇರುವುದಿಲ್ಲ. ಹಾಗಾಗಿ ಕಾರು ನಿಂತರೆ ಅದನ್ನು ಸಾಗಿಸುವ ವಿದ್ಯೆ ಗೊತ್ತಿರಬೇಕು.

ಹಗ್ಗ ಕಟ್ಟಿ ಎಳೆಯುವಂತಿಲ್ಲ, ಮುಂದಿನ ಎರಡು ಗಾಲಿ ಎತ್ತಿ ಎಳೆಯುವ ಟೋಯಿಂಗ್ ಜೀಪಿಗೂ ಕೊಡುವಂತಿಲ್ಲ. ಹುರಕಾನ್ ಎಲ್‌ಪಿ610-4ರಲ್ಲಿ ನಾಲ್ಕೂ ಗಾಲಿಗೆ ಎಂಜಿನ್ ಸಂಪರ್ಕ ಇರುವುದರಿಂದ ನೆಲದಲ್ಲಿ ಉಳಿದ ಗಾಲಿ ತಿರುಗಿದರೆ ಒಳಗಿನದ್ದು ಕೆಡುತ್ತದೆ. ಪೂರ್ತಿ ಹೊತ್ತುಕೊಳ್ಳುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಫೋನಿನಲ್ಲೇ ಕೇಳಿ, ಹಿಂದಿನ ಹಲಗೆ ಎಷ್ಟು ಬಾಗುತ್ತದೆ, ತಂತಿ ಸುತ್ತಿ ಎಳೆಯುವ ವಿಂಚ್ ಇದೆಯೇ, ಬಟ್ಟೆಯ ಬೆಲ್ಟ್ ಇದೆಯೇ ಎಂದು. ಸರಪಳಿಯನ್ನು ಸಸ್ಪೆನ್ಶನ್ ತೋಳಿಗೆ ಕಟ್ಟಿಸಬೇಡಿ, ಅದು ಅಲ್ಯೂಮಿನಿಯಂ. ಬೆಲ್ಟ್ ಟೈರಿನ ಸುತ್ತ ಬರಬೇಕು. ಎಳೆಯುವ ಕೊಂಡಿ ಮುಂದಿನ ಡಿಕ್ಕಿಯ ಟೂಲ್ ಕಿಟ್ಟಿನಲ್ಲಿರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ಪೂರ್ತಿ ಕೊನೆಯವರೆಗೆ ತಿರುಗಿಸಿ ಕೂರಿಸಬೇಕು.

ಲಾರಿಯ ಹಲಗೆ ನೆಲ ಮುಟ್ಟುವ ಕಡೆ ಏರು ಸಾಮಾನ್ಯವಾಗಿ ಹತ್ತು ಡಿಗ್ರಿ ಮೀರಿರುತ್ತದೆ, ಮೂತಿ ತಾಳುವುದು ಏಳು. ಈ ಮೂರು ಡಿಗ್ರಿಗೆ ತೋಟದಲ್ಲೇ ಪರಿಹಾರ ಇದೆ. ಎರಡು ಇಂಚು ದಪ್ಪ, ಒಂದಡಿ ಅಗಲ, ಐದಡಿ ಉದ್ದದ ಸಿಲ್ವರ್ ಓಕ್ ಹಲಗೆ ನಾಲ್ಕು ಕುಯ್ಯಿಸಿಡಿ. ಒಂದೊಂದು ಬದಿಗೆ ಎರಡೆರಡು. ಲಾರಿಯ ಹಲಗೆಯ ತುದಿಗೆ ಒರಗುವಂತೆ ಒಂದು, ಅದರ ಮೇಲೆ ಅರ್ಧ ಲಾರಿಯ ಕಡೆಗೆ ಸರಿಸಿ ಇನ್ನೊಂದು, ಮೆಟ್ಟಿಲಿನ ಹಾಗೆ. ಗಾಲಿ ಮೊದಲು ಎರಡು ಇಂಚು ಏರುತ್ತದೆ, ಆಮೇಲೆ ನಾಲ್ಕು, ಅಷ್ಟರಲ್ಲಿ ಮೂತಿ ಲಾರಿಯ ಅಂಚಿನಿಂದ ಮೇಲಿರುತ್ತದೆ. ಹಲಗೆ ಹಿಂದಕ್ಕೆ ಜಾರದಂತೆ ಒಂದು ಕಲ್ಲು ಕೊಟ್ಟು, ವಿಂಚನ್ನು ನಿಧಾನ ಎಳೆಸಿ, ಒಬ್ಬರು ನೆಲಕ್ಕೆ ಕಣ್ಣಿಟ್ಟು ಪಕ್ಕದಲ್ಲಿ ಕೂತಿರಬೇಕು. ಬ್ಯಾಟರಿ ಸತ್ತಿದ್ದರೆ ಲಿಫ್ಟ್ ಏಳುವುದಿಲ್ಲ, ಆಗ ಹಲಗೆ ಆರು ಬೇಕಾಗುತ್ತದೆ.